ವೇಗಕ್ಕೂ ಒಂದು ಮಿತಿ: ರೈಫಲ್‌ಗೆ ಮದ್ದು, ಗುಂಡು ಹೊಂದಿಸುವ ಲೆಕ್ಕ

‘ಮದ್ದುಗುಂಡು’ ನಮ್ಮ ಮಾತಿನಲ್ಲಿ ಒಂದೇ ಪದ. ಆದರೆ ಅಮೆರಿಕದ ಅನೇಕ ರೈಫಲ್ ಹವ್ಯಾಸಿಗಳಿಗೆ ಮದ್ದು ಬೇರೆ, ಗುಂಡು ಬೇರೆ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೋಶವನ್ನು ಅವರು ಎಸೆಯುವುದಿಲ್ಲ. ಅದನ್ನು ಶುಚಿಗೊಳಿಸಿ ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದನ್ನು ತೂಗಿ ತುಂಬಿ, ಬಾಯಿಗೆ ಗುಂಡನ್ನು ಒತ್ತುತ್ತಾರೆ. ಈ ಕೆಲಸಕ್ಕೆ ‘ಹ್ಯಾಂಡ್‌ಲೋಡಿಂಗ್’ ಎಂದು ಹೆಸರು.

ಸ್ವಂತ ಬಳಕೆಗೆ ಹೀಗೆ ತೋಟಾ ತಯಾರಿಸಲು ಅಲ್ಲಿ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ಇದು ಅಮೆರಿಕದ ಹವ್ಯಾಸ. ಆದರೆ ಇದರ ಹಿಂದಿರುವ ಭೌತಶಾಸ್ತ್ರ ಎಲ್ಲರಿಗೂ ಸೇರಿದ್ದು.

<b>ಸಣ್ಣ ಗುರಿ, ದೊಡ್ಡ ವೇಗ</b>

ಬೆಳೆ ಮತ್ತು ಹುಲ್ಲುಗಾವಲಿಗೆ ಉಪದ್ರವ ಕೊಡುವ ಪ್ರಾಣಿಗಳನ್ನು ಅಮೆರಿಕದ ರೈತರು ‘ವಾರ್ಮಿಂಟ್’ ಎಂದು ಕರೆಯುತ್ತಾರೆ. ಸೌತ್ ಡಕೋಟಾ, ವಯೋಮಿಂಗ್, ಮೊಂಟಾನಾ ರಾಜ್ಯಗಳ ಬಯಲಿನಲ್ಲಿ ಬಿಲ ತೋಡಿಕೊಂಡು ಬಾಳುವ ಪ್ರೇರಿ ಡಾಗ್ ಇವುಗಳಲ್ಲಿ ಮುಖ್ಯವಾದುದು. ಹೆಸರಿನಲ್ಲಿ ನಾಯಿಯಿದ್ದರೂ ಇದು ಅಳಿಲಿನ ಜಾತಿಗೆ ಸೇರಿದ ಪ್ರಾಣಿ. ಇನ್ನೂರು, ಮುನ್ನೂರು ಮೀಟರ್ ದೂರದಲ್ಲಿ ಬಿಲದ ಬಾಯಿಯಿಂದ ತಲೆ ಎತ್ತುವ ಇಂಥ ಸಣ್ಣ ಗುರಿಗೆ ಗುಂಡು ಆದಷ್ಟು ನೇರವಾಗಿ ಸಾಗಬೇಕು. ವೇಗ ಹೆಚ್ಚಿದಷ್ಟೂ ದಾರಿಯಲ್ಲಿ ಗುಂಡು ಕೆಳಗಿಳಿಯುವುದು ಕಡಿಮೆಯಾಗುತ್ತದೆ.

ವಿಂಚೆಸ್ಟರ್ ಕಂಪನಿ 1935ರಲ್ಲಿ ‘.220 ಸ್ವಿಫ್ಟ್’ ತೋಟಾವನ್ನು ಮಾರುಕಟ್ಟೆಗೆ ತಂದಿತು. ಅದರ 48 ಗ್ರೇನ್ ತೂಕದ ಗುಂಡಿನ ವೇಗ ಸೆಕೆಂಡಿಗೆ 4,110 ಅಡಿ ಎಂದು ಸಾರಲಾಗಿತ್ತು. ಇದು ಶಬ್ದದ ವೇಗದ ಮೂರೂವರೆ ಪಟ್ಟಿಗೂ ಹೆಚ್ಚು. ಹವ್ಯಾಸಿಗಳೇ ರೂಪಿಸಿಕೊಂಡು ದಶಕಗಳ ಕಾಲ ಬಳಸಿದ ‘.22-250’ ತೋಟಾವನ್ನು ರೆಮಿಂಗ್ಟನ್ ಕಂಪನಿ 1965ರಲ್ಲಿ ಅಧಿಕೃತವಾಗಿ ಸ್ವೀಕರಿಸಿತು. ಇಂಥ ತೋಟಾ ತುಂಬುವವನು ಮದ್ದಿಗಿಂತ ಮೊದಲು ಯೋಚಿಸಬೇಕಾದುದು ಗುಂಡಿನ ಬಗ್ಗೆ.

<b>ಮೊದಲು ಗುಂಡು</b>

ಗುಂಡಿನ ತೂಕವನ್ನು ‘ಗ್ರೇನ್’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಪೌಂಡಿಗೆ 7,000 ಗ್ರೇನ್. ‘.22-250’ ರೈಫಲ್‌ನಲ್ಲಿ ಸಾಮಾನ್ಯವಾಗಿ ಬಳಸುವುದು 40ರಿಂದ 55 ಗ್ರೇನ್, ಅಂದರೆ ಎರಡೂವರೆಯಿಂದ ಮೂರೂವರೆ ಗ್ರಾಂ ತೂಕದ ಗುಂಡುಗಳನ್ನು.

ಈ ಆಯ್ಕೆಯನ್ನು ನಿರ್ಧರಿಸುವುದು ನಳಿಗೆಯ ಒಳಗಿನ ಸುರುಳಿ ಗೀರುಗಳು. ಈ ರೈಫಲ್‌ನ ಸಾಂಪ್ರದಾಯಿಕ ನಳಿಗೆಯಲ್ಲಿ ಗುಂಡು ಪ್ರತಿ 14 ಅಂಗುಲಕ್ಕೆ ಒಂದು ಸುತ್ತು ತಿರುಗುತ್ತದೆ. ಸೆಕೆಂಡಿಗೆ 4,000 ಅಡಿ ವೇಗದಲ್ಲಿ ಹೊರಬಂದ ಗುಂಡು ನಿಮಿಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ. ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುವಂತೆ, ಈ ಸುತ್ತಾಟವೇ ಗುಂಡನ್ನು ಅಡ್ಡಾದಿಡ್ಡಿ ಹೊರಳದಂತೆ ಹಿಡಿದಿಡುತ್ತದೆ.

ಗುಂಡು ಉದ್ದವಾದಷ್ಟೂ ಬಿಗಿಯಾದ ಸುರುಳಿ ಬೇಕು. ಈ ಸಂಬಂಧಕ್ಕೆ 1879ರಲ್ಲೇ ಸೂತ್ರ ಕೊಟ್ಟವರು ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್. 14 ಅಂಗುಲದ ಸುರುಳಿಯಲ್ಲಿ ಉದ್ದನೆಯ ಭಾರದ ಗುಂಡು ಹಾಕಿದರೆ ಅದು ಗುರಿ ತಪ್ಪಿ ಹೊರಳುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ತೆಳು ಹೊದಿಕೆಯ ಹಗುರ ಗುಂಡನ್ನು 8 ಅಂಗುಲದ ಬಿಗಿ ಸುರುಳಿಯಿಂದ ಅತಿವೇಗದಲ್ಲಿ ಹಾರಿಸಿದರೆ, ಸುತ್ತಾಟದ ಬಿರುಸಿಗೆ ಅದು ಗಾಳಿಯಲ್ಲೇ ಚೂರಾಗಬಹುದು.

ಅಷ್ಟು ತೆಳುವಾದ ಹೊದಿಕೆಯಾದರೂ ಏಕೆ? ಬಯಲಿನಲ್ಲಿ ಗಟ್ಟಿ ಗುಂಡು ಕಲ್ಲಿಗೆ ತಗುಲಿ ಪುಟಿದು ದೂರದ ಮನೆಗೋ ದನಕ್ಕೋ ಬಡಿಯುವ ಭಯವಿದೆ. ತಗುಲಿದ ಕೂಡಲೇ ಪುಡಿಯಾಗುವ ಗುಂಡಿನಿಂದ ಈ ಅಪಾಯ ಕಡಿಮೆ.

<b>ಆಮೇಲೆ ಮದ್ದು</b>

ಹೊಗೆರಹಿತ ಮದ್ದನ್ನು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಕಂಡುಹಿಡಿದರು. ಇದು ಸ್ಫೋಟಿಸುವುದಕ್ಕಿಂತ ಹೆಚ್ಚಾಗಿ ಉರಿಯುವ ವಸ್ತು. ಎಷ್ಟು ಬೇಗ ಉರಿಯುತ್ತದೆ ಎಂಬುದರ ಮೇಲೆ ಮದ್ದಿನ ಆಯ್ಕೆ ನಿಂತಿದೆ. ಪಿಸ್ತೂಲಿನ ಮದ್ದು ಬಹಳ ಬೇಗ ಉರಿಯುತ್ತದೆ. ದೊಡ್ಡ ಕೋಶ, ಸಣ್ಣ ನಳಿಗೆ ಇರುವ ವೇಗದ ರೈಫಲ್‌ಗೆ ಅದನ್ನು ತುಂಬಿದರೆ ಗುಂಡು ಕದಲುವ ಮೊದಲೇ ಒತ್ತಡ ಮಿತಿಮೀರಿ ಬಂದೂಕೇ ಸಿಡಿಯಬಹುದು. ಇಂಥ ರೈಫಲ್‌ಗೆ ಬೇಕಾದುದು ನಿಧಾನವಾಗಿ ಉರಿದು, ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುವ ಮದ್ದು.

ಅಮೆರಿಕದ ಮದ್ದು ವ್ಯಾಪಾರಿ ಬ್ರೂಸ್ ಹಾಜ್‌ಡನ್ ಹೆಸರಿಲ್ಲದ ಒಂದು ಮದ್ದನ್ನು 52 ಗ್ರೇನ್ ಗುಂಡಿನ ಹಿಂದೆ 38 ಗ್ರೇನ್ ತುಂಬಿ ಪರೀಕ್ಷಿಸಿದಾಗ ಗುಂಡುಗಳೆಲ್ಲ ಒಂದೇ ರಂಧ್ರದಲ್ಲಿ ಹೊಕ್ಕವಂತೆ. ಆ ಮದ್ದಿಗೆ ‘ಎಚ್ 380’ ಎಂಬ ಹೆಸರು ಬಂದುದು ಹೀಗೆ. ಆದರೆ ಆ ಅಂಕಿ ಅವರ ರೈಫಲ್‌ಗೆ ಒಪ್ಪಿದ ಅಂಕಿ, ಎಲ್ಲರಿಗೂ ಅನ್ವಯಿಸುವ ಅಳತೆಯಲ್ಲ. ಹೆಸರುಗಳೂ ಮೋಸ ಮಾಡುತ್ತವೆ: ‘ಎಚ್ 4831’ ಮತ್ತು ‘ಐಎಂಆರ್ 4831’ ಬೇರೆ ಬೇರೆ ಮದ್ದುಗಳು, ಎರಡನೆಯದು ಬೇಗ ಉರಿಯುತ್ತದೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು ಎಂಬ ನಿಯಮ ಹುಟ್ಟಿರುವುದು ಇದಕ್ಕಾಗಿಯೇ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಸಂತದ ತಂಪಿನಲ್ಲಿ ಸರಿಯಿದ್ದ ತೋಟಾ ಜುಲೈ ಬಿಸಿಲಿನಲ್ಲಿ, ಕಾದ ನಳಿಗೆಯೊಳಗೆ ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಉಷ್ಣಾಂಶಕ್ಕೆ ಅಷ್ಟಾಗಿ ಜಗ್ಗದ ಮದ್ದುಗಳಿಗೆ ಬೇಡಿಕೆ ಇರುವುದು ಇದರಿಂದಲೇ.

<b>ಕೊನೆಯ ಹನಿಯ ಆಸೆ</b>

‘.22-250’ಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 65,000 ಪೌಂಡ್. ಕಾರಿನ ಟೈರಿನಲ್ಲಿರುವುದು ಸುಮಾರು 30 ಪೌಂಡ್ ಮಾತ್ರ. ಎರಡು ಸಾವಿರ ಪಟ್ಟು ಮೀರಿದ ಈ ಒತ್ತಡ ಹುಟ್ಟುವುದು ಹಾರಿಸುವವನ ಕಣ್ಣಿನಿಂದ ಕೆಲವೇ ಅಂಗುಲ ದೂರದಲ್ಲಿ! ಆದ್ದರಿಂದ ತಿಳಿದವರು ತಯಾರಕರು ಪ್ರಕಟಿಸಿದ ಕೋಷ್ಟಕದ ಗರಿಷ್ಠ ಪ್ರಮಾಣಕ್ಕಿಂತ ಶೇ 10ರಷ್ಟು ಕೆಳಗಿನಿಂದ ಆರಂಭಿಸಿ, ಸ್ವಲ್ಪಸ್ವಲ್ಪವಾಗಿ ಮೇಲೇರುತ್ತಾರೆ. ಚಪ್ಪಟೆಯಾದ ಪ್ರೈಮರ್, ಎತ್ತಲು ಬಿಗಿಯಾದ ಬೋಲ್ಟ್ ಕಂಡರೆ ಅಲ್ಲಿಗೇ ನಿಲ್ಲಿಸುತ್ತಾರೆ. ಅತಿವೇಗದ ಬೆಲೆಯನ್ನು ನಳಿಗೆಯೂ ತೆರುತ್ತದೆ. ಬಿಸಿ ಅನಿಲಕ್ಕೆ ಅದರ ಕಂಠ ಸವೆದು ಕೆಲವು ಸಾವಿರ ಗುಂಡುಗಳಲ್ಲೇ ಗುರಿ ಕೆಡುತ್ತದೆ.

ಬೆಲೆ ತೆರುವವರು ಇನ್ನೂ ಇದ್ದಾರೆ. ಪುಡಿಯಾಗುವ ಸೀಸದ ಗುಂಡು ಪುಟಿದು ಮನುಷ್ಯನಿಗೆ ಬಡಿಯುವ ಅಪಾಯ ಕಡಿಮೆ, ಆದರೆ ಬಯಲಿನಲ್ಲಿ ಬಿಟ್ಟ ಕಳೇಬರವನ್ನು ತಿನ್ನುವ ಹದ್ದುಗಳಿಗೆ ವಿಷ. 1982ರಲ್ಲಿ ಕೇವಲ 22 ಉಳಿದಿದ್ದ ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳನ್ನು ಸಾಕಿ ಬೆಳೆಸಿ ಕಾಡಿಗೆ ಬಿಟ್ಟ ಮೇಲೂ ಅವುಗಳ ಸಾವಿಗೆ ಸೀಸವೇ ಮುಖ್ಯ ಕಾರಣವಾಯಿತು. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿತು.

ಸೀಸಕ್ಕೆ ಬದಲಾಗಿ ಬಂದಿರುವ ತಾಮ್ರ ಹಗುರವಾದ ಲೋಹ. ಹಾಗಾಗಿ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗುತ್ತದೆ. ಉದ್ದ ಹೆಚ್ಚಿದರೆ ಬಿಗಿ ಸುರುಳಿ ಬೇಕು, ಇಲ್ಲವೇ ಗುಂಡಿನ ತೂಕ ಇಳಿಸಬೇಕು. ತೂಕ ಬದಲಾದರೆ ಮದ್ದಿನ ಲೆಕ್ಕವನ್ನೂ ಮೊದಲಿನಿಂದ ಹಾಕಬೇಕು. ಮದ್ದು ಬೇರೆ, ಗುಂಡು ಬೇರೆ ಎಂದು ಹೊರಟವನು ಕೊನೆಗೆ ಕಲಿಯುವುದು, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಲಾಗದು ಎಂಬುದನ್ನೇ.