ಹೆಸರಿನಿಂದ ಹುಡುಕುವುದೋ, ಜಾಗದಿಂದ ಹುಡುಕುವುದೋ?

ಅಡುಗೆಮನೆಯಲ್ಲಿ ದೀಪವಾರಿದರೂ ಗೃಹಿಣಿಯ ಕೈ ಸಾಸಿವೆಯ ಡಬ್ಬಿಯನ್ನು ತಪ್ಪದೆ ಹಿಡಿಯುತ್ತದೆ. ಡಬ್ಬಿಯ ಮೇಲೆ ಹೆಸರಿನ ಚೀಟಿ ಬೇಕಿಲ್ಲ. ಅದು ಎರಡನೆಯ ಹಲಗೆಯ ಎಡತುದಿಯಲ್ಲಿದೆ ಎಂಬುದೇ ಸಾಕು. ಆದರೆ ಊರಿನಿಂದ ಬಂದ ನಾದಿನಿಗೆ ಅದೇ ಅಡುಗೆಮನೆ ಒಂದು ಅರಣ್ಯ. ಆಕೆಗೆ ಚೀಟಿಯೇ ಗತಿ. ಮನುಷ್ಯನು ವಸ್ತುಗಳನ್ನು ಹುಡುಕುವ ಈ ಎರಡು ಬಗೆಗಳೇ ಇಂದು ಗಣಕಯಂತ್ರದ ಪರದೆಯ ಮೇಲೂ ಎದುರುಬದುರಾಗಿ ನಿಂತಿವೆ.

ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಣ ರೈತರಿಗೆ ಇವೆರಡೂ ಪರಿಚಿತವೇ. ಸುಮಾರು 2000ದ ಇಸವಿಯಲ್ಲಿ ರೂಢಿಗೆ ಬಂದ ‘ಭೂಮಿ’ ಯೋಜನೆಯು ರಾಜ್ಯದ ಪಹಣಿಗಳನ್ನು ಗ್ರಾಮಲೆಕ್ಕಿಗರ ಕಡತಗಳಿಂದ ಗಣಕಯಂತ್ರಕ್ಕೆ ಏರಿಸಿತು. ಅಲ್ಲಿ ಹುಡುಕುವ ದಾರಿ ಮೆಟ್ಟಿಲು ಮೆಟ್ಟಿಲಾಗಿದೆ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಕೊನೆಗೆ ಸರ್ವೆ ನಂಬರು. ಎಲ್ಲವೂ ಸುಗಮ, ಆದರೆ ನಂಬರು ಗೊತ್ತಿರಬೇಕು. ಅಜ್ಜ ಉತ್ತ ಹೊಲದ ಬದಿಯ ಹಲಸಿನ ಮರ ನೆನಪಿದ್ದು ನಂಬರು ಮರೆತವನು ಮೊದಲ ಮೆಟ್ಟಿಲುಗಳನ್ನು ಹತ್ತಿಯೂ ಬಾಗಿಲಿನಲ್ಲೇ ನಿಲ್ಲುತ್ತಾನೆ.

2018ರಲ್ಲಿ ಬಳಕೆಗೆ ಬಂದ ‘ದಿಶಾಂಕ್’ ಈ ಕ್ರಮವನ್ನು ತಿರುಗಿಸಿತು. ಕಂದಾಯ ಇಲಾಖೆಗಾಗಿ ರಾಜ್ಯದ ದೂರ ಸಂವೇದಿ ಅನ್ವಯಿಕ ಕೇಂದ್ರವು ರೂಪಿಸಿದ ಈ ಸಾಧನದಲ್ಲಿ, ಉಪಗ್ರಹ ತೆಗೆದ ಚಿತ್ರದ ಮೇಲೆ ಗ್ರಾಮನಕ್ಷೆಯ ಗೆರೆಗಳನ್ನು ಹಾಸಿದ್ದಾರೆ. ಮೊಬೈಲನ್ನು ಹಿಡಿದು ಹೊಲದಲ್ಲಿ ನಿಂತರೆ, ನಿಂತ ನೆಲವೇ ತನ್ನ ಸರ್ವೆ ನಂಬರನ್ನು ಹೇಳುತ್ತದೆ! ಹೆಸರಿನಿಂದ ಜಾಗಕ್ಕೆ ಹೋಗುವ ಬದಲು ಜಾಗದಿಂದ ಹೆಸರಿಗೆ ಬರುವ ದಾರಿ ಇದು.

ಇಂತಹ ನಕ್ಷೆಯಲ್ಲಿ ಕಣ್ಣು ಹೇಗೆ ಅಲೆಯುತ್ತದೆ? ಮೊದಲು ಅದು ಗುರುತನ್ನು ಅರಸುತ್ತದೆ. ತುಂಗೆ ಒಂದು ಕಡೆಯಿಂದ, ಭದ್ರೆ ಇನ್ನೊಂದು ಕಡೆಯಿಂದ ಬಂದು ಸೇರುವ ಕೂಡಲಿಯನ್ನು ಕಂಡುಹಿಡಿಯಲು ಅಕ್ಷರವೇ ಬೇಡ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ವಿಸ್ತಾರವಾದ ಆವರಣ, ರೈಲುಹಳಿ, ನಾಲೆಯ ಬಾಗು, ಇವುಗಳನ್ನು ಹಿಡಿದು ಕಣ್ಣು ತನ್ನ ಊರಿಗೆ ಇಳಿಯುತ್ತದೆ. ಮೊದಲು ಒಟ್ಟು ನೋಟ, ಬಳಿಕ ಹತ್ತಿರದ ನೋಟ, ಕೇಳಿದಾಗ ಮಾತ್ರ ವಿವರ ಎಂಬ ಸೂತ್ರವನ್ನು ಅಮೆರಿಕದ ವಿದ್ವಾಂಸ ಬೆನ್ ಶ್ನೈಡರ್‌ಮನ್ 1996ರಲ್ಲಿ ಮುಂದಿಟ್ಟರು. ದಾರಿ ಕೇಳಿದವರಿಗೆ ನಮ್ಮ ಹಿರಿಯರು ಗುಡ್ಡ, ಕೆರೆ, ಕೊನೆಗೆ ಮನೆ ಎಂದು ಹೇಳುತ್ತಿದ್ದ ಕ್ರಮವೂ ಇದೇ ಅಲ್ಲವೇ?

ಹಾಗಾದರೆ ಚಿತ್ರವೇ ಮೇಲೋ? ವಿಜ್ಞಾನಿಗಳ ಉತ್ತರ ಅಷ್ಟು ಸರಳವಲ್ಲ. 1986ರಲ್ಲಿ ವಿಲಿಯಂ ಜೋನ್ಸ್ ಮತ್ತು ಸೂಸನ್ ಡುಮೇ ಪರೀಕ್ಷಿಸಿದಾಗ, ಇಟ್ಟ ಜಾಗದ ನೆನಪಿಗಿಂತ ಕೊಟ್ಟ ಹೆಸರಿನ ನೆನಪೇ ಗೆದ್ದಿತು. ಕಡತಗಳು ಹೆಚ್ಚಿದಂತೆ ಜಾಗದ ನೆನಪು ಕುಂದಿತು. ಆದರೆ 1998ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ನೂರು ಪುಟಗಳ ಕಿರುಚಿತ್ರಗಳನ್ನು ಪರದೆಯ ಮೇಲಿನ ಒಂದು ಇಳಿಜಾರಿನಲ್ಲಿ ಜನರಿಂದಲೇ ಜೋಡಿಸಿ ಇಡಿಸಿದಾಗ, ಅವರು ಹೆಸರುಗಳ ಪಟ್ಟಿಗಿಂತ ಬೇಗನೆ ಬೇಕಾದುದನ್ನು ಕಂಡರು. ಗುಟ್ಟು ಇಷ್ಟೇ: ತನ್ನ ಕೈಯಾರೆ ಇಟ್ಟ ಜಾಗ, ಜೊತೆಗೆ ಚಿತ್ರ, ಜೊತೆಗೆ ಹೆಸರು, ಮೂರೂ ಕೂಡಿದರೆ ನೆನಪು ನೆಲೆ ನಿಲ್ಲುತ್ತದೆ. ಸಾಸಿವೆಯ ಡಬ್ಬಿಯನ್ನು ಇಟ್ಟವಳು ಗೃಹಿಣಿಯೇ ತಾನೇ!

ಆದರೂ ಎಚ್ಚರಿಕೆಯ ಮಾತೊಂದು ಉಂಟು. ಒಂದು ಗುಂಟೆಯ ಬದಿ 33 ಅಡಿ. ಮೊಬೈಲು ತೋರಿಸುವ ಸ್ಥಾನ ತೆರೆದ ಬಯಲಿನಲ್ಲಿಯೇ ಸುಮಾರು 15 ಅಡಿ ಅತ್ತಿತ್ತ ಸರಿಯಬಹುದು. ದಟ್ಟವಾದ ಅಡಿಕೆಯ ತೋಟದೊಳಗೆ ತಪ್ಪು ಇನ್ನೂ ಹೆಚ್ಚು. ಆದ್ದರಿಂದ ಪರದೆಯ ಗೆರೆಯನ್ನು ನೆಚ್ಚಿ ಬೇಲಿ ಹಾಕಿದವರು ನೆರೆಯವರೊಡನೆ ವ್ಯಾಜ್ಯವನ್ನೇ ಬೆಳೆಸಿಯಾರು. ಗಡಿಯ ತೀರ್ಮಾನ ಇಂದಿಗೂ ಭೂಮಾಪಕರದೇ.

ಇನ್ನೂ ಆಳವಾದ ಕೊರತೆಯೊಂದಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಶರಾವತಿ ಕಣಿವೆಯನ್ನು ತೊರೆದ ಅನೇಕ ಸಂಸಾರಗಳು ಜಿಲ್ಲೆಯ ಬೇರೆ ತಾಲ್ಲೂಕುಗಳಲ್ಲಿ ನೆಲೆಸಿದವು. ಅವರಲ್ಲಿ ಹಲವರು ದಶಕಗಳಿಂದ ಉಳುತ್ತಿರುವ ನೆಲ ದಾಖಲೆಯಲ್ಲಿ ಇನ್ನೂ ಅರಣ್ಯವೇ. ಅಂತಹ ಮನೆಯ ಮಗನು ಅಂಗಳದಲ್ಲಿ ನಿಂತು ನಕ್ಷೆ ತೆರೆದರೆ ಮನೆಯ ಮಾಡು ಕಾಣುತ್ತದೆ, ತೆಂಗಿನ ಸಾಲು ಕಾಣುತ್ತದೆ, ನಂಬರೂ ಕಾಣುತ್ತದೆ. ತಂದೆಯ ಹೆಸರು ಮಾತ್ರ ಕಾಣುವುದಿಲ್ಲ.

ಹುಡುಕುವ ಯಂತ್ರ ಎಷ್ಟೇ ಜಾಣತನದ್ದಾಗಿರಲಿ, ಬರೆದಿಟ್ಟದ್ದನ್ನಷ್ಟೇ ಅದು ತೋರಿಸಬಲ್ಲುದು. ಜಾಗ ಹಿಡಿದು ಹೆಸರನ್ನು ಕಾಣುವ ವಿದ್ಯೆ ಕೈಗೆ ಬಂದಿದೆ. ಆ ಜಾಗದಲ್ಲಿ ಸರಿಯಾದ ಹೆಸರನ್ನು ಬರೆಯುವ ಕೆಲಸ ಮನುಷ್ಯರಿಗೇ ಉಳಿದಿದೆ.