ಹಿಮದ ಹಲಗೆ, ಕೆಸರಿನ ಹಲಗೆ

ಹಿಮಾಲಯದ ಗುಲ್‌ಮಾರ್ಗ್, ಔಲಿ ಮೊದಲಾದ ಸ್ಥಳಗಳಲ್ಲಿ ನೀಳವಾದ ಪಟ್ಟಿಗಳನ್ನು ಪಾದಗಳಿಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಕ್ರೀಡೆಗೂ, ನಮ್ಮ ಕಾರ್ಕಳದ ಮಿಯ್ಯಾರಿನಲ್ಲಿ ಅಥವಾ ಕಾಪು ತಾಲ್ಲೂಕಿನ ಕಟಪಾಡಿಯಲ್ಲಿ ಕೋಣಗಳ ಬೆನ್ನ ಹಿಂದೆ ಹಲಗೆಯ ಮೇಲೆ ನಿಂತು ಕೆಸರುನೀರನ್ನು ಸೀಳಿಕೊಂಡು ಧಾವಿಸುವ ಕಂಬಳದ ಓಟಕ್ಕೂ ಹೊರನೋಟಕ್ಕೆ ಯಾವ ಸಂಬಂಧವೂ ತೋರದು. ಆದರೆ ಪ್ರಕೃತಿಯು ಈ ಇಬ್ಬರು ಸಾಹಸಿಗಳ ಮುಂದೆಯೂ ಒಡ್ಡಿರುವ ಸಮಸ್ಯೆ ಒಂದೇ: ಕಾಲಿಟ್ಟರೆ ಹೂತುಹೋಗುವಂಥ ಮೃದುವಾದ ನೆಲದ ಮೇಲೆ ಮನುಷ್ಯನ ಭಾರವನ್ನು ಮುಳುಗಿಸದೆ ವೇಗದಿಂದ ಒಯ್ಯುವುದು ಹೇಗೆ? ಇಬ್ಬರೂ ಕಂಡುಕೊಂಡ ಉತ್ತರವೂ ಒಂದೇ, ಹಲಗೆ. ಆದರೆ ಯಾರಿಗೆ ಎಂಥ ಹಲಗೆ ಎಂಬ ವಿವೇಚನೆಯಲ್ಲಿಯೇ ವಿಜ್ಞಾನದ ಸ್ವಾರಸ್ಯವೆಲ್ಲ ಅಡಗಿದೆ.

ಅರುವತ್ತು ಕಿಲೋಗ್ರಾಂ ತೂಗುವ ಒಬ್ಬನ ಎರಡು ಅಂಗಾಲುಗಳ ವಿಸ್ತಾರವನ್ನು ಸುಮಾರು 400 ಚದರ ಸೆಂಟಿಮೀಟರ್ ಎಂದು ಎಣಿಸಿದರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ 150 ಗ್ರಾಂ ಭಾರ ಬೀಳುತ್ತದೆ. ಅವನೇ 170 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ಎರಡು ಸ್ಕೀಗಳ ಮೇಲೆ ನಿಂತರೆ ಆ ಭಾರ 22 ಗ್ರಾಂಗೆ, ಎಂದರೆ ಹೆಚ್ಚುಕಡಿಮೆ ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಜಾರುವಿಕೆಗೆ ಇನ್ನೊಂದು ಕಾರಣವೂ ಉಂಟು. ಸ್ಕೀಯ ತಳವು ಹಿಮವನ್ನು ಉಜ್ಜುವಾಗ ಘರ್ಷಣೆಯಿಂದ ಹುಟ್ಟುವ ಶಾಖವು ಹಿಮದ ಅತಿ ತೆಳುವಾದ ಪದರವೊಂದನ್ನು ಕರಗಿಸುತ್ತದೆಂದೂ, ಆ ನೀರೇ ಎಣ್ಣೆಯಂತೆ ಕೆಲಸಮಾಡುತ್ತದೆಂದೂ 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದರು.

ಸ್ಕೀಯನ್ನು ಆರಿಸುವವರು ಮೊದಲು ನೋಡುವುದು ದೇಹದ ಎತ್ತರವನ್ನು. ನೆಟ್ಟಗೆ ನಿಲ್ಲಿಸಿದ ಸ್ಕೀಯ ತುದಿಯು ಗದ್ದಕ್ಕೂ ನೆತ್ತಿಗೂ ನಡುವೆ ಬರಬೇಕೆಂಬುದು ರೂಢಿಯ ನಿಯಮ. ಎತ್ತರವೆಂಬುದು ಇಲ್ಲಿ ತೂಕವನ್ನು ಅಂದಾಜುಮಾಡುವ ಸುಲಭವಾದ ಅಳತೆಗೋಲು ಮಾತ್ರವಾದುದರಿಂದ, ಒಂದೇ ಎತ್ತರದ ಇಬ್ಬರಲ್ಲಿ ಭಾರವುಳ್ಳವನಿಗೆ ಉದ್ದವಾದುದೂ, ಹಗುರಾದವನಿಗೆ ಗಿಡ್ಡವಾದುದೂ ಒಪ್ಪುತ್ತದೆ. ಕಲಿಯುವವನಿಗೆ ಸುಲಭವಾಗಿ ತಿರುಗುವ ಗಿಡ್ಡ ಸ್ಕೀ ಹಿತಕರ. ಆಳವಾದ ಹೊಸ ಹಿಮದಲ್ಲಿ ಸಂಚರಿಸುವವನಿಗೆ ಅಗಲವಾದುದು ಅವಶ್ಯ. ಇವೆಲ್ಲಕ್ಕಿಂತಲೂ ಉದ್ದೇಶವೇ ಪ್ರಬಲ ಎಂಬುದಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮವೇ ಸಾಕ್ಷಿ: ಕಿರುತಿರುವುಗಳ ಸ್ಲಾಲೊಮ್ ಸ್ಪರ್ಧೆಯಲ್ಲಿ ಪುರುಷರ ಸ್ಕೀ 165 ಸೆಂಟಿಮೀಟರಿಗಿಂತ ಕಡಿಮೆಯಿರಬಾರದೆಂದಿದ್ದರೆ, ನೇರವಾಗಿ ಮಹಾವೇಗದಲ್ಲಿ ಇಳಿಯುವ ಡೌನ್‌ಹಿಲ್ ಸ್ಪರ್ಧೆಯಲ್ಲಿ ಆ ಮಿತಿ 218 ಸೆಂಟಿಮೀಟರ್.

ಉದ್ದೇಶಕ್ಕೆ ತಕ್ಕ ಉಪಕರಣವೆಂಬ ಈ ತತ್ತ್ವವನ್ನು ಕಂಬಳವು ತನ್ನದೇ ರೀತಿಯಲ್ಲಿ ಅಂಗೀಕರಿಸಿದೆ. ಮಿಯ್ಯಾರಿನ ಲವ-ಕುಶ, ಕಟಪಾಡಿಯ ಮೂಡು-ಪಡು ಮೊದಲಾದ ಜೋಡುಕರೆಗಳಲ್ಲಿ, ಎಂದರೆ ಕೋಣಗಳು ಓಡುವ ಜೋಡಿ ಕೆಸರುಹಾದಿಗಳಲ್ಲಿ, ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ನಾಲ್ಕು ಬಗೆಯ ಸ್ಪರ್ಧೆಗಳುಂಟು. ಹಗ್ಗದಲ್ಲಿಯೂ ನೇಗಿಲಿನಲ್ಲಿಯೂ ಓಡಿಸುವವನು ಕೋಣಗಳ ಹಿಂದೆ ತನ್ನ ಕಾಲಿನಿಂದಲೇ ಓಡುತ್ತಾನೆ. ಅಲ್ಲಿ ವೇಗವೇ ಸರ್ವಸ್ವ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ಸರಾಸರಿ ವೇಗವು ಸೆಕೆಂಡಿಗೆ ಹತ್ತು ಮೀಟರನ್ನು ಮೀರಿತ್ತು. ಹಲಗೆಗಳೆರಡರಲ್ಲಿ ಮಾತ್ರ ಮನುಷ್ಯನು ಓಟವನ್ನು ಕೋಣಗಳಿಗೆ ಒಪ್ಪಿಸಿ, ತಾನು ಮರದ ಮೇಲೆ ನಿಲ್ಲುತ್ತಾನೆ.

ಗದ್ದೆಯನ್ನು ಸಮಮಾಡಲು ನಮ್ಮ ಕೃಷಿಕರು ಹಲಗೆಯೆಳೆದು ಅದರ ಮೇಲೆ ನಿಲ್ಲುತ್ತಿದ್ದುದು ಅದು ಮಣ್ಣನ್ನು ಒತ್ತಿ ಉಬ್ಬುತಗ್ಗುಗಳನ್ನು ಅಳಿಸಲೆಂದು. ಕಂಬಳದಲ್ಲಿ ಅಡ್ಡಹಲಗೆಯ ಕಾರ್ಯ ಇದಕ್ಕೆ ತದ್ವಿರುದ್ಧವಾಗಿ, ಒತ್ತದೆ ತೇಲುವುದು. ಮುಂದಂಚು ತುಸು ಮೇಲೆದ್ದ ಹಲಗೆಯು ಚಲಿಸುವಾಗ ಕೆಸರುನೀರನ್ನು ಕೆಳಕ್ಕೆ ತಳ್ಳುತ್ತದೆ, ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ವೇಗವು ಇಮ್ಮಡಿಯಾದರೆ ಈ ಎತ್ತುಬಲವು ನಾಲ್ಮಡಿಯಾಗುವುದರಿಂದ, ನಿಂತಾಗ ಮುಳುಗಿದ್ದ ಹಲಗೆಯು ಓಟದ ಆರಂಭಸ್ಥಳವಾದ ಗಂತಿನಿಂದ ಹೊರಟ ಕೆಲವೇ ಹೆಜ್ಜೆಗಳಲ್ಲಿ ಮೇಲೇಳುತ್ತದೆ. ಸ್ಕೀಯು ಉದ್ದವಾಗಿರುವಾಗ ಇದು ಓಟದ ದಿಕ್ಕಿಗೆ ಅಡ್ಡವಾಗಿರುವುದೇಕೆ ಎಂದು ಕೇಳಬಹುದು. ಸ್ಕೀಗೆ ತಿರುವಿನಲ್ಲಿ ಹಿಮವನ್ನು ಕಚ್ಚಿ ಹಿಡಿಯುವ ನೀಳವಾದ ಅಂಚು ಬೇಕು. ಕರೆಯಲ್ಲಿ ತಿರುವೇ ಇಲ್ಲ, ದಿಕ್ಕನ್ನು ನೊಗಕ್ಕೆ ಹೂಡಿದ ಜೋಡಿಯೇ ಕಾಯುತ್ತದೆ. ದಿಕ್ಕಿನ ಚಿಂತೆಯಿಲ್ಲದ ಮೇಲೆ, ಒಂದೇ ವಿಸ್ತಾರದ ಹಲಗೆಗಳಲ್ಲಿ ಅಡ್ಡಲಾಗಿ ಚಾಚಿದುದೇ ನೀರಿನಿಂದ ಹೆಚ್ಚು ಆಧಾರವನ್ನು ಪಡೆಯುತ್ತದೆ.

ಕನೆಹಲಗೆಯಾದರೋ ಕಾಲವನ್ನಲ್ಲ, ಎತ್ತರವನ್ನು ಗೆಲ್ಲುವ ಯಂತ್ರ. ದಪ್ಪನಾದ ಆ ಮರದ ತುಂಡಿನಲ್ಲಿ ಎರಡು ರಂಧ್ರಗಳಿವೆ. ಓಡಿಸುವವನು ಒಂದೇ ಕಾಲನ್ನು ಅದರ ಮೇಲೆ ಊರಿ, ದೇಹವನ್ನು ಹಿಂದಕ್ಕೆ ಬಾಗಿಸಿ ನಿಂತಿರುವಾಗ, ಕೆಳಗಿನ ನೀರು ಬೇರೆ ದಾರಿ ಕಾಣದೆ ಆ ರಂಧ್ರಗಳ ಮೂಲಕ ಎರಡು ಧಾರೆಗಳಾಗಿ ಚಿಮ್ಮಿ, ಕರೆಗೆ ಅಡ್ಡಲಾಗಿ ಮೇಲೆ ಕಟ್ಟಿರುವ ನಿಶಾನೆಯ ಬಟ್ಟೆಯನ್ನು ಮುಟ್ಟಬೇಕು. ಕೋಲು ಎಂಬ ಸ್ಥಳೀಯ ಅಳತೆಯಲ್ಲಿ 6.5 ಕೋಲು, 7.5 ಕೋಲು ಎಂದು ನಿಶಾನೆಯ ಎತ್ತರಗಳು ಗೊತ್ತಾಗಿವೆ. ನೀರು ಏರಬಹುದಾದ ಗರಿಷ್ಠ ಎತ್ತರವನ್ನು ಭೌತಶಾಸ್ತ್ರದ ಸರಳ ಸೂತ್ರದಿಂದಲೇ ತಿಳಿಯಬಹುದು: ವೇಗದ ವರ್ಗವನ್ನು ಗುರುತ್ವವೇಗೋತ್ಕರ್ಷದ ಇಮ್ಮಡಿಯಿಂದ ಭಾಗಿಸಬೇಕು. ಹಲಗೆಯು ಸೆಕೆಂಡಿಗೆ 8 ಮೀಟರ್ ಚಲಿಸಿದರೆ ಆ ಮೇಲ್ಮಿತಿ ಸುಮಾರು 3.3 ಮೀಟರ್, 10 ಮೀಟರ್ ಚಲಿಸಿದರೆ ಸುಮಾರು 5.1 ಮೀಟರ್. ವೇಗದಲ್ಲಿ ನಾಲ್ಕರಲ್ಲೊಂದು ಪಾಲು ಹೆಚ್ಚಿದರೆ ಎತ್ತರದಲ್ಲಿ ಅರ್ಧದಷ್ಟಕ್ಕೂ ಮಿಕ್ಕು ಹೆಚ್ಚುತ್ತದೆ. ರಂಧ್ರದ ಒಳಮೈ ಒರಟಾದರೆ, ಅದರ ವಾಲು ತಪ್ಪಿದರೆ, ಹಲಗೆ ಕ್ಷಣಕಾಲ ಓರೆಯಾದರೆ ಈ ಎತ್ತರದಲ್ಲಿ ಬಹುಭಾಗ ನಷ್ಟವಾಗುವುದರಿಂದಲೇ, ಬಡಗಿಯ ಉಳಿಯೂ ಓಡಿಸುವವನ ಒಂಟಿಕಾಲಿನ ಸಮತೋಲವೂ ಇಲ್ಲಿ ಕೋಣದ ಬಲದಷ್ಟೇ ಮುಖ್ಯವಾಗುತ್ತವೆ.

ಹಲಗೆಯ ಆಯ್ಕೆಯು ಕೇವಲ ಗೆಲುವಿನ ಪ್ರಶ್ನೆಯಲ್ಲವೆಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಸ್ಕೀ ಹೊಂದದಿದ್ದರೆ ಕಷ್ಟಪಡುವವನು ಅದನ್ನು ತೊಟ್ಟವನೇ. ಆದರೆ ಹಲಗೆ ಹೊಂದದಿದ್ದರೆ ಕಷ್ಟಪಡುವುದು ಮೂಕಪ್ರಾಣಿ. ಮುಂದಂಚು ಅತಿಯಾಗಿ ಎದ್ದರೆ ಅದು ನೀರಿಗೆ ಗೋಡೆಯಾಗಿ ಅಡ್ಡನಿಲ್ಲುತ್ತದೆ, ತಗ್ಗಿದರೆ ಕೆಸರಿನಲ್ಲಿ ನಾಟುತ್ತದೆ; ಎರಡರ ದಂಡವೂ ಕೋಣಗಳ ಹೆಗಲಿಗೇ ಬೀಳುತ್ತದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ತಡೆಯುಂಟಾಗಿ, 2017ರ ರಾಜ್ಯ ತಿದ್ದುಪಡಿಯಿಂದ ಮತ್ತೆ ಆರಂಭಗೊಂಡ ಕಂಬಳಕ್ಕೆ 2023ರ ಮೇ 18ರಂದು ಸಂವಿಧಾನ ಪೀಠವು ಮಾನ್ಯತೆ ನೀಡಿದಾಗ, ಪ್ರಾಣಿಗಳ ನೋವನ್ನು ತಗ್ಗಿಸುವ ಹೊಣೆಯೂ ನಮ್ಮ ಮೇಲೆ ಬಂದಿತು. ಆ ಹೊಣೆಯನ್ನು ಬೆತ್ತದ ನಿಯಂತ್ರಣದಿಂದ ನೆರವೇರಿಸುವಷ್ಟೇ ಹಲಗೆಯ ಸಂಸ್ಕಾರದಿಂದಲೂ ನೆರವೇರಿಸಬಹುದು. 1957ರಿಂದ ತಾಂತ್ರಿಕ ವಿದ್ಯೆಯನ್ನು ಬೋಧಿಸುತ್ತಿರುವ ಮಣಿಪಾಲದ ವಿದ್ಯಾಲಯವು ಮಿಯ್ಯಾರಿನ ಕರೆಯಿಂದ ದೂರವಿಲ್ಲ. ಅಲ್ಲಿಯ ವಿದ್ಯಾರ್ಥಿಗಳು ನಮ್ಮ ಬಡಗಿಗಳ ಬಳಿ ಕುಳಿತು, ಎಳೆತದ ಬಲವನ್ನಳೆಯುವ ಸಾಧನವೊಂದನ್ನು ನೊಗಕ್ಕೂ ಹಲಗೆಗೂ ನಡುವೆ ಜೋಡಿಸಿ, ಯಾವ ವಾಲಿನಲ್ಲಿ, ಎಷ್ಟು ತೂಕದವನು ನಿಂತಾಗ ಕೋಣಗಳ ಶ್ರಮ ಅತ್ಯಲ್ಪವಾಗುವುದೆಂಬುದನ್ನು ಪಟ್ಟಿಮಾಡಲಿ. ತಲೆಮಾರುಗಳಿಂದ ಕೈಯಲ್ಲಿದ್ದ ವಿದ್ಯೆ ಬರಹಕ್ಕೆ ಇಳಿದರೆ, ಮನುಷ್ಯನ ಕೀರ್ತಿಯೂ ಪ್ರಾಣಿಯ ಸೌಖ್ಯವೂ ಒಂದೇ ಹಲಗೆಯ ಮೇಲೆ ನಿಲ್ಲುವುದು ಸಾಧ್ಯ.