ಆರು ರುಚಿ, ಎಷ್ಟು ಬಗೆ?

ಪಿಯುಸಿಯಲ್ಲಿ ಕಲಿತ ಎನ್-ಸಿ-ಆರ್ ಸೂತ್ರ ನೆನಪಿದೆಯಾ?
ಅದು ನೃಪತುಂಗನ ಕಾಲದಲ್ಲೇ ಇತ್ತು ಅಂದ್ರೆ ನಂಬ್ತೀರಾ?

ಸುಮಾರು 850ನೇ ಇಸವಿ.
ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆ.
ಜೈನ ಗಣಿತಜ್ಞ ಮಹಾವೀರಾಚಾರ್ಯರು
ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು.

ಅದರಲ್ಲೊಂದು ಸೊಗಸಾದ ಲೆಕ್ಕ.
ಸಿಹಿ, ಹುಳಿ, ಉಪ್ಪು,
ಖಾರ, ಕಹಿ, ಒಗರು.
ಈ ಆರು ರುಚಿ ಬೆರೆಸಿದರೆ ಎಷ್ಟು ಬಗೆ?

ಸದ್ಯಕ್ಕೆ ಮೂರು ಮೂರೇ ಬೆರೆಸೋಣ.
ನಮ್ಮ ಪಾವಗಡದ ಕೋಟೆ ಬೆಟ್ಟ ನೆನೆಸಿಕೊಳ್ಳಿ.
ಮೇಲಿನ ಸಾಲು ಬೆಟ್ಟ ಇಳಿಯುತ್ತೆ:
ಆರು, ಐದು, ನಾಲ್ಕು.
ಕೆಳಗಿನ ಸಾಲು ಹತ್ತುತ್ತೆ:
ಒಂದು, ಎರಡು, ಮೂರು.
ಒಂದೊಂದು ಸಾಲನ್ನೂ ಗುಣಿಸಿ.
ಮೇಲೆ 120, ಕೆಳಗೆ 6.
ಭಾಗಿಸಿ. 20 ಬಗೆ!
ಒಂದೇ ರುಚಿಯಿಂದ ಹಿಡಿದು ಆರೂ ಸೇರುವವರೆಗೆ
ಎಲ್ಲ ಕೂಡಿದರೆ 63.

ಎಷ್ಟೇ ವಸ್ತು ಇರಲಿ, ಇದೇ ಎನ್-ಸಿ-ಆರ್ ನಿಯಮ.
ಅದೇ ಇದರ ದೊಡ್ಡತನ.

ಈ ಪುಸ್ತಕ ಸಂಸ್ಕೃತದಲ್ಲೇ ಉಳೀಲಿಲ್ಲ.
11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ.
12ನೇ ಶತಮಾನದಲ್ಲಿ ರಾಜಾದಿತ್ಯ
ಕನ್ನಡದಲ್ಲೇ 'ವ್ಯವಹಾರಗಣಿತ' ಅನ್ನೋ ಬೇರೆ ಗಣಿತ ಪುಸ್ತಕ ಬರೆದ.

ಕನ್ನಡ, ತೆಲುಗು ಎರಡೂ ಆಡುವ
ಪಾವಗಡದ ಡಿಗ್ರಿ ಹುಡುಗರೇ, ಹುಡುಗಿಯರೇ,
ಮುಂದಿನ ಸೆಮಿನಾರಿಗೆ ಈ ಇಬ್ಬರನ್ನೇ ತಗೊಳ್ಳಿ.